ಕೊಟ್ಟಿಗೆಯಾಗಿ ಉಳಿದ ದೊಡ್ಡಮನೆ

ವೇಲ್ಸ್ ದೇಶದ ಪೂರ್ವದ ಗಡಿಗೆ ಸಮೀಪದಲ್ಲಿ, ವೆಲ್ಷ್‌ಪೂಲ್ ಪಟ್ಟಣಕ್ಕೆ ಪಶ್ಚಿಮದಲ್ಲಿ, ಕಾಸಲ್ ಕೈರೈನಿಯನ್ ಎಂಬ ಗ್ರಾಮವುಂಟು. ಅಲ್ಲಿ ಹಳೆಯದೊಂದು ಮರದ ಮನೆಯಿರುವುದು. ಅದರ ಹೆಸರು ಟೀ ಮೌರ್. ವೇಲ್ಸಿನವರ ಭಾಷೆಯಲ್ಲಿ ಈ ಮಾತಿಗೆ ‘ದೊಡ್ಡಮನೆ’ ಎಂದೇ ಅರ್ಥ. ಕನ್ನಡನಾಡಿನ ಹಳ್ಳಿಗಳಲ್ಲಿ ಈ ಹೆಸರು ಹೇಗೆ ಗಾತ್ರಕ್ಕಿಂತಲೂ ಹೆಚ್ಚಾಗಿ ಗೌರವವನ್ನು ಸೂಚಿಸುವುದೋ, ಅಲ್ಲಿಯೂ ಹಾಗೆಯೇ ಇದ್ದಿರಬೇಕು. ಆದರೆ 1971ರಲ್ಲಿ ವೇಲ್ಸಿನ ಪ್ರಾಚೀನ ಸ್ಮಾರಕಗಳ ರಾಜ ಆಯೋಗಕ್ಕೆ ಸೇರಿದ ಪೀಟರ್ ಸ್ಮಿತ್ ಎಂಬ ವಿದ್ವಾಂಸರು ಇದನ್ನು ಗುರುತಿಸಿದಾಗ ಅದು ದೊಡ್ಡಮನೆಯಾಗಿರಲಿಲ್ಲ. ಬೇಸಾಯಗಾರರ ಉಪಯೋಗಕ್ಕೆ ಬಿದ್ದು ಶಿಥಿಲವಾಗಿದ್ದ ಒಂದು ಕಟ್ಟಡವಾಗಿದ್ದಿತು.

ಇದನ್ನು ಕಟ್ಟಿದ ವರ್ಷ 1460 ಎಂದು ತಿಳಿದುಬಂದಿರುವುದು. ಈ ನಿರ್ಣಯಕ್ಕೆ ಆಧಾರ ಶಾಸನವಲ್ಲ, ಮರವೇ. ಓಕ್ ಮರವು ವರ್ಷಕ್ಕೊಂದು ಉಂಗುರವನ್ನು ಬೆಳೆಸಿಕೊಳ್ಳುವುದು. ಅನುಕೂಲವಾದ ವರ್ಷದಲ್ಲಿ ಅಗಲವಾಗಿ, ಪ್ರತಿಕೂಲವಾದ ವರ್ಷದಲ್ಲಿ ಕಿರಿದಾಗಿ. ಆ ಸಾಲನ್ನು ಕಾಲ ತಿಳಿದಿರುವ ಬೇರೆ ಮರಗಳ ಸಾಲಿನೊಡನೆ ಹೊಂದಿಸಿ ನೋಡಿದರೆ, ತೊಗಟೆಗೆ ತಾಗಿದ ಕಡೆಯ ಉಂಗುರವು ಮರ ಕಡಿದ ವರ್ಷವನ್ನು ಹೇಳಿಬಿಡುವುದು. ಆ ಕಾಲದ ಬಡಗಿಗಳು ಓಕನ್ನು ಒಣಗಲು ಬಿಡದೆ ಹಸಿಯಾಗಿಯೇ ಕೆತ್ತುತ್ತಿದ್ದುದರಿಂದ, ಕಡಿದುದಕ್ಕೂ ಕಟ್ಟಿದುದಕ್ಕೂ ಹೆಚ್ಚಿನ ಅಂತರವಿಲ್ಲ. ಆಗ ಇಂಗ್ಲೆಂಡಿನ ಸಿಂಹಾಸನದಲ್ಲಿ ಆರನೆಯ ಹೆನ್ರಿಯಿದ್ದನು. ಗುಲಾಬಿಗಳ ಯುದ್ಧವು ಮೊದಲಾಗಿ ಐದು ವರ್ಷಗಳಾಗಿದ್ದವು. ರಾಜರು ಕಾದಾಡುತ್ತಿದ್ದ ಕಾಲದಲ್ಲಿಯೂ ಒಬ್ಬ ಗೃಹಸ್ಥನು ನಿಶ್ಚಿಂತೆಯಿಂದ ಮರ ಕಡಿಸಿ ಮನೆ ಕಟ್ಟಿಸಿದನೆಂಬುದು ಚರಿತ್ರೆಯ ಗ್ರಂಥಗಳಿಂದ ಸುಲಭವಾಗಿ ತಿಳಿಯುವ ಸಂಗತಿಯಲ್ಲ.

ಈ ಮನೆಯ ನಡುಮನೆಯಲ್ಲಿ ಕಂಬಗಳು ಗೋಡೆಯಿಂದ ಒಳಸರಿದು ನಿಂತು, ಇಕ್ಕೆಲಗಳಲ್ಲಿಯೂ ಓಣಿಯಂತಹ ಪಾರ್ಶ್ವಗಳನ್ನು ಉಂಟುಮಾಡುವುವು. ಇಂತಹ ರಚನೆ ವೇಲ್ಸಿನಲ್ಲಿ ಬಹಳ ವಿರಳ. ಆ ಕಾಲದ ಇಂತಹ ಮನೆಗಳಲ್ಲಿ ತೊಲೆಯ ನಾಲಗೆಯನ್ನು ಕಂಬದ ಕಂಡಿಯಲ್ಲಿ ಕೂಡಿಸಿ ಮರದ ಗೂಟವನ್ನು ಬಡಿಯುತ್ತಿದ್ದರು. ಗೋಡೆಯೆಂಬುದು ಚೌಕಟ್ಟಿನ ನಡುವೆ ಹೆಣೆದ ತಡಿಕೆಗೆ ಮೆತ್ತಿದ ಮಣ್ಣು ಮಾತ್ರ. ನಡುಮನೆಗೆ ಅಟ್ಟವಿಲ್ಲ, ನೆಲದ ನಡುವೆ ಒಲೆ, ಹೊಗೆಯು ಮಾಡಿನವರೆಗೂ ಏರಿ, ಸಿಕ್ಕಿದ ಸಂದಿನಿಂದ ಹೊರಬೀಳಬೇಕು. ಮಾಡಿನ ಮರಗಳಿಗೆ ಇಲ್ಲಣ ಹಿಡಿದು ಕಪ್ಪಾಗುತ್ತಿದ್ದುದು ಇದರಿಂದಲೇ. ಕೊಟ್ಟಿಗೆಯಂತೆ ಕಾಣುವ ಕಟ್ಟಡದೊಳಕ್ಕೆ ಹೋಗಿ ತಲೆಯೆತ್ತಿ ನೋಡಿದ ಪರೀಕ್ಷಕನಿಗೆ ಆ ಮಸಿಯು ಬಹು ದೊಡ್ಡ ಸಾಕ್ಷ್ಯ. ಹುಲ್ಲು ತುಂಬುವ ಕಡೆ ಯಾರೂ ಬೆಂಕಿ ಹಾಕುವುದಿಲ್ಲವಷ್ಟೆ!

ಇಂತಹ ಮನೆಗಳು ಈ ಸ್ಥಿತಿಗೆ ಇಳಿದುದೇಕೆ? ಹದಿನಾರನೆಯ ಶತಮಾನದಲ್ಲಿ ಇಟ್ಟಿಗೆ ಕಲ್ಲುಗಳ ಹೊಗೆಗೂಡು ಸಾಮಾನ್ಯವಾಗುತ್ತ ಬಂದಿತು. ಹೊಗೆ ಅಡಗಿದ ಮೇಲೆ ನಡುಮನೆಯ ಮೇಲೆ ಅಟ್ಟವನ್ನು ಹಾಕಿ ಕೋಣೆಗಳನ್ನು ಮಾಡಿಕೊಳ್ಳಬಹುದಾಯಿತು. ಮುಂದೆ ಕೈಯಲ್ಲಿ ಹಣ ಓಡಾಡಿದ ಬೇಸಾಯಗಾರರು ಪಕ್ಕದಲ್ಲಿಯೇ ಹೊಸ ಮನೆಗಳನ್ನು ಕಟ್ಟಿಸಿಕೊಂಡರು. ಹಳೆಯದನ್ನು ಕೆಡವಲು ಖರ್ಚು. ದನಕ್ಕೂ ಹುಲ್ಲಿಗೂ ನೆರಳು ಬೇಕು. ಆದುದರಿಂದ ಅದು ಉಳಿದುಕೊಂಡಿತು.

ಇದನ್ನು ದುರ್ಗತಿಯೆಂದು ಮರುಗುವುದು ಸಹಜ. ಆದರೆ ಹಾಗೆನ್ನುವುದು ಪೂರ್ತಿ ಸರಿಯಲ್ಲವೆಂದು ತೋರುವುದು. ಜನರು ವಾಸಿಸುತ್ತಲೇ ಬಂದ ಮನೆಗಳಲ್ಲಿ ಪ್ರತಿಯೊಂದು ತಲೆಮಾರೂ ಕಿಟಕಿ ತೆಗೆದು, ಗಾರೆ ಬಳಿದು, ಕಂಬ ಕೊಯ್ದು, ಹಳೆಯದನ್ನು ಅಳಿಸಿಬಿಟ್ಟಿರುವುದುಂಟು. ದನಗಳಿಗೆ ಅಂತಹ ಅಭಿರುಚಿಯ ಗೋಜಿಲ್ಲ. ಕೊಟ್ಟಿಗೆಯ ಒಡೆಯನು ಮಳೆ ಸೋರದಂತೆ ಮಾಡನ್ನು ನೋಡಿಕೊಂಡರೆ ಸಾಕು, ಚೌಕಟ್ಟು ತನ್ನಷ್ಟಕ್ಕೆ ನಿಲ್ಲುವುದು. ಅಪಾಯವೆಲ್ಲ ಆ ಮಾಡನ್ನೂ ಕೈಬಿಟ್ಟ ದಿನದಿಂದ ಮೊದಲು. ನೀರು ಇಳಿದು ತಳದ ತೊಲೆ ಕೊಳೆಯತೊಡಗಿದರೆ ಕೆಲವು ವರ್ಷಗಳೊಳಗಾಗಿ ಐದು ಶತಮಾನಗಳ ಕೆಲಸ ನೆಲಕ್ಕೆ ಬೀಳಬಹುದು.

ಟೀ ಮೌರ್ ಅಂತಹ ಸ್ಥಿತಿಗೆ ಸಮೀಪವಾಗಿದ್ದಾಗ ಅದರ ಅದೃಷ್ಟ ತಿರುಗಿತು. ಗುರುತಿಸಿದ ಕೂಡಲೇ ಕೆಲಸವಾಗಲಿಲ್ಲ. ಕಾಲು ಶತಮಾನವೇ ಕಳೆದು, 1990ರ ದಶಕದ ಕೊನೆಯ ವರ್ಷಗಳಲ್ಲಿ ಅದರ ಜೀರ್ಣೋದ್ಧಾರವು ನಡೆಯಿತು. ದೊಡ್ಡಮನೆಯೆಂಬ ಹೆಸರನ್ನು ಮಾತ್ರ ಆ ನಡುವಿನ ಕಾಲದಲ್ಲಿಯೂ ಊರವರು ಬದಲಾಯಿಸಿರಲಿಲ್ಲ.