ಎರೆ ಹೊಲದ ಯೆಜ್ಡಿ ಮತ್ತು ಆರ್‌ಟಿಓ ಪಾಸಿಂಗ್

ನಮ್ಮ ಕಡೆ, ಅಂದರೆ ಗಲಗಲಿ, ಬೀಳಗಿ, ಜಮಖಂಡಿ ಸುತ್ತಮುತ್ತ, ಬೈಕಿಗೆ ಬೈಕು ಅನ್ನೋದು ಇತ್ತೀಚಿನ ರೂಢಿ. ಹಿರಿಯರಿಗೆ ಅದು ಸೈಕಲ್ ಮೋಟಾರು, ಇಲ್ಲಾ ಫಟಫಟಿ. ಹಾಗೇ ಆರ್‌ಟಿಓ ಇನ್ಸ್‌ಪೆಕ್ಟರ್ ಗಾಡಿ ನೋಡಿ ಸಹಿ ಹಾಕೋದಕ್ಕೆ 'ಪಾಸಿಂಗ್' ಅಂತಾರೆ. ಹಳೇ ಜಾವಾ, ಯೆಜ್ಡಿಗಳು ಈ ಪಾಸಿಂಗಿನಲ್ಲಿ ಯಾಕೆ ನಪಾಸಾಗುತ್ತವೆ ಅನ್ನೋದು ಇವತ್ತಿನ ವಿಷಯ. ಗಾಡಿ ಕೆಟ್ಟಿದ್ದಕ್ಕೇ ನಪಾಸಾಗುತ್ತೆ ಅಂದುಕೊಂಡರೆ ಅದು ಅರ್ಧ ಸತ್ಯ ಮಾತ್ರ.

ಮೊದಲು ಸ್ವಲ್ಪ ಇತಿಹಾಸ. ಜಾವಾ ಮೂಲತಃ ಚೆಕ್ ದೇಶದ್ದು. 1929ರಲ್ಲಿ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿನ್ಯಾಸ ಕೊಂಡುಕೊಂಡ. ಎರಡೂ ಹೆಸರಿನ ಮೊದಲ ಎರಡೆರಡು ಅಕ್ಷರ ಸೇರಿ ಜಾವಾ ಆಯಿತು. ನಮ್ಮಲ್ಲಿ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಿಂದ ಗಾಡಿಗಳು ಹೊರಬಂದವು. ಎಪ್ಪತ್ತರ ದಶಕದ ಆರಂಭದಲ್ಲಿ ಚೆಕ್ ಲೈಸೆನ್ಸ್ ಮುಗಿದು ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. 250 ಸಿಸಿ ಟೂ ಸ್ಟ್ರೋಕ್ ಎಂಜಿನ್, ಎರಡು ಸೈಲೆನ್ಸರ್, ಕಿಕ್ಕರಿಗೂ ಗೇರಿಗೂ ಒಂದೇ ಲಿವರ್. (ಇವತ್ತಿನ ಯುವ ಇನ್ಸ್‌ಪೆಕ್ಟರ್ ಒಬ್ಬರು ಮೊದಲ ಸಲ ಇದನ್ನು ನೋಡಿದರೆ ಕಿಕ್ಕರ್ ಎಲ್ಲಿ ಅಂತ ಹುಡುಕಬೇಕಾಗುತ್ತೆ :-)) ಜಾಹೀರಾತಿನಲ್ಲಿ ಇದನ್ನು 'ಫಾರೆವರ್ ಬೈಕ್' ಅಂತ ಕರೆದಿದ್ದರು. ಈ 'ಫಾರೆವರ್' ನೆನಪಿಟ್ಟುಕೊಳ್ಳಿ.

ಈಗ ಶೋರೂಮುಗಳಲ್ಲಿ ಆಫ್‌ರೋಡ್ ಬೈಕು ಅಂತ ಬೇರೆ ಜಾತಿಯನ್ನೇ ಮಾರುತ್ತಾರೆ. ರೋಡೇ ಸರಿಯಾಗಿಲ್ಲದ ಊರಲ್ಲಿ ಎಲ್ಲ ಬೈಕೂ ಆಫ್‌ರೋಡೇ. ಗಲಗಲಿ ಕೃಷ್ಣಾ ನದಿ ದಂಡೆಯ ಊರು, ಸುತ್ತ ಎರೆ ಭೂಮಿ. ಈ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತೆ, ಮಳೆ ಬಿದ್ದರೆ ಅಂಟಿನ ಹಾಗಾಗುತ್ತೆ. ಟೈರಿಗೆ ಮೆತ್ತಿದ ಕೆಸರು ಮಡ್‌ಗಾರ್ಡ್ ಒಳಗೆ ಗಟ್ಟಿಯಾಗಿ ಕೂತು ಚಕ್ರವನ್ನೇ ಹಿಡಿದು ನಿಲ್ಲಿಸುತ್ತೆ. ಆಗ ರೈತ ಏನು ಮಾಡಬೇಕು? ಮುಂದಿನ ಮಡ್‌ಗಾರ್ಡ್ ಬಿಚ್ಚಿ ಮನೆಯಲ್ಲಿಡುತ್ತಾನೆ, ಇಲ್ಲಾ ಮೇಲಕ್ಕೆತ್ತಿ ಕಟ್ಟುತ್ತಾನೆ. ಹಿಂದೆ ಸೀರೆ ಗಾರ್ಡ್ ಕತ್ತರಿಸಿ ಮೇವು ಕಟ್ಟೋಕೆ ಕಬ್ಬಿಣದ ಕ್ಯಾರಿಯರ್ ಬೆಸುಗೆ ಹಾಕಿಸುತ್ತಾನೆ. ಹೊಲಕ್ಕೆ ಹೋಗೋಕೆ ಗಾಡಿ ಈಗ ಸರಿಯಾಯಿತು. ಪಾಸಿಂಗಿಗೆ ಕೆಟ್ಟಿತು.

ಯಾಕೆಂದರೆ 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂತು. ಅದರ 41ನೇ ಸೆಕ್ಷನ್ ಪ್ರಕಾರ ಖಾಸಗಿ ಗಾಡಿಯ ನೋಂದಣಿಗೆ 15 ವರ್ಷ ಆಯುಷ್ಯ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ನವೀಕರಣಕ್ಕೆ ಗಾಡಿಯನ್ನು ಕಚೇರಿಗೆ ಒಯ್ದು ತೋರಿಸಬೇಕು. ಕಾಯ್ದೆ ಬಂದ ದಿನವೇ 1974ಕ್ಕಿಂತ ಹಿಂದಿನ ಜಾವಾ, ಯೆಜ್ಡಿಗಳಿಗೆಲ್ಲ ಹದಿನೈದು ತುಂಬಿ ಹೋಗಿತ್ತು. ಅತ್ತ ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಂದರೆ ಕೊನೆಯ ಯೆಜ್ಡಿ 2011ರಲ್ಲಿ ಮೊದಲ ನವೀಕರಣಕ್ಕೆ ನಿಂತಾಗ ಅದಕ್ಕೆ ಪಾರ್ಟು ಮಾಡುವ ಕಂಪನಿಯೇ ಇರಲಿಲ್ಲ. ಫಾರೆವರ್ ಬೈಕಿಗೆ ಸರ್ಕಾರ ಕೊಟ್ಟ ಆಯುಷ್ಯ ಹದಿನೈದು, ಕಂಪನಿ ಬದುಕಿದ್ದು ಮೂವತ್ತೈದು!

ಇನ್ನು ನಪಾಸಾಗುವ ಕಾರಣಗಳು. ಸೀರೆ ಗಾರ್ಡಿನ ಮಾತು ಬಂತು. 1989ರ ಕೇಂದ್ರ ನಿಯಮಗಳ 123ನೇ ನಿಯಮದಲ್ಲಿ ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ತಡೆ ಇರಲೇಬೇಕು ಅಂತಿದೆ. ಬಟ್ಟೆ ಚಕ್ರಕ್ಕೆ ಸಿಕ್ಕಬಾರದು ಅಂತ. ನನ್ನ ಪ್ರಕಾರ ಇದು ಒಳ್ಳೆಯ ನಿಯಮ. ಸೆರಗು ಚಕ್ರಕ್ಕೆ ಸಿಕ್ಕಿ ಹೆಂಗಸರು ಬೀಳೋದು ತಮಾಷೆಯ ಮಾತಲ್ಲ. ಕ್ಯಾರಿಯರ್ ಬೇಕಾದರೆ ಗಾರ್ಡ್ ಉಳಿಸಿಕೊಂಡೇ ಕೂರಿಸಬಹುದು, ಬೆಸುಗೆ ಹಾಕುವವನಿಗೆ ಹೇಳಬೇಕು ಅಷ್ಟೇ.

ಹೊಗೆಯದು ಬೇರೆ ಕಥೆ. 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರಗಳಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 4.5, ಹೈಡ್ರೋಕಾರ್ಬನ್ 9000 ಪಿಪಿಎಂ ಮಿತಿ. ಹಳೇ ಟೂ ಸ್ಟ್ರೋಕಿಗೆ ಇದು ಸಾಕಷ್ಟು ಸಡಿಲವೇ. ಆದರೂ ದಾಟೋದಿಲ್ಲ, ಯಾಕೆ? ಕ್ರ್ಯಾಂಕಿನ ಆಯಿಲ್ ಸೀಲ್ ಸವೆದರೆ ಗೇರ್ ಬಾಕ್ಸಿನ ಎಣ್ಣೆಯನ್ನು ಎಂಜಿನ್ ಎಳೆದುಕೊಂಡು ಸುಡುತ್ತೆ. ಹೊಗೆ ನಿಲ್ಲೋದೇ ಇಲ್ಲ. ಮಂದಿ ಕಾರ್ಬ್ಯುರೇಟರ್ ತಿರುಗಿಸುತ್ತಾ ಕೂರುತ್ತಾರೆ, ರೋಗ ಇರೋದು ಒಳಗೆ. ಗೇರ್ ಎಣ್ಣೆ ಪದೇ ಪದೇ ಕಡಿಮೆಯಾಗುತ್ತಿದ್ದರೆ, ಹೊರಗೆ ಸೋರಿಕೆಯೂ ಕಾಣದಿದ್ದರೆ ಅದೇ ಗುರುತು. ಜೊತೆಗೆ ಕಾರ್ಬನ್ ಕಟ್ಟಿದ ಸೈಲೆನ್ಸರಿನ ಒಳಗಿನ ಕೊಳವೆ ತೆಗೆದು ಬಿಸಾಕಿದ್ದರೆ ಸದ್ದಿಗೂ ನಪಾಸು.

ಹಳೇ ಜಾವಾದ್ದು 6 ವೋಲ್ಟ್ ವೈರಿಂಗ್. ಎಂಜಿನ್ ಮೆಲ್ಲಗೆ ಓಡುವಾಗ ಹೆಡ್‌ಲೈಟು ಚಿಮಣಿ ಬುಡ್ಡಿಯ ಹಾಗೆ, ಹಾರ್ನು ಕೆಮ್ಮುತ್ತೆ. ಎಷ್ಟೋ ಸಲ ಅರ್ಥ್ ತಂತಿಯ ತುಕ್ಕು ಕೆರೆದರೆ ಅರ್ಧ ಸಮಸ್ಯೆ ಮುಗಿಯುತ್ತೆ. ಗಾಡಿ ದಾರಿಯ ಹೊಡೆತಕ್ಕೆ ಹ್ಯಾಂಡಲ್ಲಿನ ಬಾಲ್ ರೇಸ್, ಸ್ವಿಂಗ್ ಆರ್ಮ್ ಬುಶ್ ಸವೆಯುತ್ತವೆ, ಸ್ಪೋಕು ಸಡಿಲವಾಗುತ್ತವೆ. ಟೈರಿನ ಗೀರು 0.8 ಮಿ.ಮೀ.ಗಿಂತ ಕಡಿಮೆಯಿರಬಾರದು.

ಇವೆಲ್ಲ ರಿಪೇರಿಯಾಗುವಂಥವು. ನಿಜವಾಗಿ ಗಾಡಿ ಕೊಲ್ಲುವುದು ನಂಬರು. ಇನ್ಸ್‌ಪೆಕ್ಟರ್ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ತುಕ್ಕು ತಿಂದು ಅಥವಾ ಪೇಂಟಿನಡಿ ಮುಚ್ಚಿ ಅದು ಓದಲು ಬರದಿದ್ದರೆ ಅಲ್ಲಿಗೇ ನಿಂತಿತು. ಎಂಜಿನ್ ನಂಬರಿನದು ಇನ್ನೂ ತೊಡಕು. ಪಾರ್ಟು ಸಿಗದ ಕಾಲದಲ್ಲಿ ಒಂದು ಗಾಡಿಯ ಎಂಜಿನ್ ಇನ್ನೊಂದಕ್ಕೆ ಕೂರಿಸಿ ಓಡಿಸಿದವರು ಬಹಳ. ಆರ್‌ಸಿ ಪುಸ್ತಕದಲ್ಲಿ ಹಳೇ ನಂಬರೇ ಉಳಿದಿರುತ್ತೆ. 52ನೇ ಸೆಕ್ಷನ್ ಪ್ರಕಾರ ಇಂಥ ಬದಲಾವಣೆಯನ್ನು ಪುಸ್ತಕದಲ್ಲಿ ಬರೆಸಬೇಕು. ಊರಿನ ಗ್ಯಾರೇಜಿನಲ್ಲಿ ಅದನ್ನು ಯಾರು ಹೇಳುತ್ತಿದ್ದರು?

2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನಿಯಮ ತಂದಿತು. 'ವಿಎ' ಅಕ್ಷರದ ಹೊಸ ನಂಬರಿಗೆ 20,000 ರೂಪಾಯಿ. ಗಾಡಿ ಮೂಲರೂಪದಲ್ಲಿರಬೇಕು, ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನಕ್ಕೆ ಒಯ್ಯುವವರಿಗೆ ಸರಿ. ದಿನಾ ಕಬ್ಬಿನ ಹೊಲಕ್ಕೆ ಹೋಗುವ 1972ರ ಗಾಡಿಗೆ ಅದರಿಂದ ಏನು ಲಾಭ? ಅದಕ್ಕೆ ಮಾಮೂಲಿ ನವೀಕರಣವೇ ಗತಿ. ಆ ಶುಲ್ಕ 2022ರ ಏಪ್ರಿಲಿನಲ್ಲಿ ಬೈಕಿಗೆ 300ರಿಂದ 1000 ಆಯಿತು, 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ್ದಕ್ಕೆ 2000. ಅವಧಿ ಮುಗಿಯುವ 60 ದಿನ ಮುಂಚಿನಿಂದ 25ನೇ ನಮೂನೆಯಲ್ಲಿ ಅರ್ಜಿ ಹಾಕಬಹುದು, ಹಾಕಿಬಿಡಿ.

ಅಂದ ಹಾಗೆ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂತಲ್ಲ, ಪಾರ್ಟು ಸಿಗುತ್ತೆ ಅಂತ ಯಾರೂ ಶೋರೂಮಿಗೆ ಓಡಬೇಡಿ. ಅದು 334 ಸಿಸಿಯ, ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್, ಒಂದು ಬೋಲ್ಟೂ ಹೊಂದೋದಿಲ್ಲ. ಹಳೇ ಸೀಲು ಬಿಚ್ಚಿಕೊಂಡು ಬೇರಿಂಗ್ ಅಂಗಡಿಗೆ ಹೋಗಿ, ಅಳತೆ ನೋಡಿ ಕೊಡುತ್ತಾರೆ.