ಜೀವ ಉಳಿಸಿದ ಮಾತ್ರೆಯ ಹೃದಯದ ಲೆಕ್ಕ

1996ರ ಜುಲೈನಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ್ದ ಏಡ್ಸ್ ಸಮ್ಮೇಳನದಿಂದ ವೈದ್ಯರು ಹೊಸ ಹುರುಪಿನಲ್ಲಿ ಊರಿಗೆ ಮರಳಿದರು. ಮೂರು ಔಷಧಿಗಳನ್ನು ಒಟ್ಟಿಗೆ ಕೊಟ್ಟರೆ ರಕ್ತದಲ್ಲಿ ಎಚ್‌ಐವಿ ಪತ್ತೆಯಾಗದಷ್ಟು ಅಡಗುತ್ತಿತ್ತು. ಸಾವಿನ ದಿನ ಎಣಿಸುತ್ತಿದ್ದವರು ಹಾಸಿಗೆ ಬಿಟ್ಟೆದ್ದು ಕೆಲಸಕ್ಕೆ ಹೊರಟರು.

ಎರಡು ವರ್ಷ ಕಳೆಯುವಷ್ಟರಲ್ಲಿ ಕನ್ನಡಿಯಲ್ಲಿ ಬೇರೇನೋ ಕಾಣತೊಡಗಿತು. ಕೆನ್ನೆ, ಕೈಕಾಲು ಸೊರಗಿ ಹೊಟ್ಟೆ ಮಾತ್ರ ಉಬ್ಬುತ್ತಿತ್ತು. ಕೆಲವರಿಗೆ ಕತ್ತಿನ ಹಿಂದೆ ಕೊಬ್ಬು ಗುಡ್ಡೆಗಟ್ಟುತ್ತಿತ್ತು. ಇದಕ್ಕೆ ವೈದ್ಯರ 'ಬಫೆಲೊ ಹಂಪ್' ಎಂಬ ಹಳೆಯ ಹೆಸರೇ ಅಂಟಿಕೊಂಡಿತು. (ನಮ್ಮ ಎಮ್ಮೆಗೆ ಡುಬ್ಬವೆಲ್ಲಿದೆ? ಅದಿರುವುದು ಅಮೆರಿಕದ ಬೈಸನ್‌ಗೆ.) 1998ರಲ್ಲಿ ಸಿಡ್ನಿಯ ಆಂಡ್ರ್ಯೂ ಕಾರ್ ಮತ್ತು ಸಂಗಡಿಗರು ಈ ಲಕ್ಷಣಗಳನ್ನೂ ಏರಿದ ಕೊಲೆಸ್ಟರಾಲ್, ಟ್ರೈಗ್ಲಿಸರೈಡ್‌ಗಳನ್ನೂ ಒಂದೇ ಕಾಯಿಲೆಯಾಗಿ ವಿವರಿಸಿದರು. ಅವರ ಅನುಮಾನ ಪ್ರೋಟಿಯೇಸ್ ಇನ್ಹಿಬಿಟರ್ ಎಂಬ ಹೊಸ ಔಷಧಿಗಳ ಮೇಲಿತ್ತು.

ಹಾಗಾದರೆ ಹೃದಯದ ಗತಿ? 23,468 ಜನರನ್ನು ಗಮನಿಸುತ್ತಿದ್ದ ಡಿ:ಎ:ಡಿ ಅಧ್ಯಯನ 2003ರಲ್ಲಿ ಉತ್ತರ ಕೊಟ್ಟಿತು. ಚಿಕಿತ್ಸೆ ಪಡೆದ ಒಂದೊಂದು ವರ್ಷಕ್ಕೂ ಹೃದಯಾಘಾತದ ಸಂಭವ ಶೇ. 26ರಷ್ಟು ಏರುತ್ತಿತ್ತು. ಓದಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅಷ್ಟೂ ಜನರಲ್ಲಿ ಹೃದಯಾಘಾತವಾದದ್ದು 126 ಮಂದಿಗೆ. ಶೇಕಡಾವಾರು ಲೆಕ್ಕದ ಪಕ್ಕದಲ್ಲಿ ಈ ಸಂಖ್ಯೆಯನ್ನೂ ಇಟ್ಟೇ ಓದಬೇಕು.

ಮಾತ್ರೆಗೆ ಆಗಾಗ ರಜೆ ಕೊಟ್ಟರೆ ಅಡ್ಡಪರಿಣಾಮ ತಗ್ಗೀತು ಎಂಬುದು ಸಹಜವಾದ ಯೋಚನೆ. 5,472 ಜನರ ಸ್ಮಾರ್ಟ್ ಪ್ರಯೋಗ ಅದನ್ನು ಪರೀಕ್ಷಿಸಿತು. ಫಲಿತಾಂಶ ತಿರುವುಮುರುವಾಯಿತು: ಮಾತ್ರೆ ನಿಲ್ಲಿಸಿದವರಲ್ಲೇ ಸಾವು ಹೆಚ್ಚು, ಹೃದಯದ ತೊಂದರೆಯೂ ಹೆಚ್ಚು. 2006ರ ಜನವರಿಯಲ್ಲಿ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಹದ್ದುಬಸ್ತಿಲ್ಲದ ವೈರಸ್ ಮೈಯೊಳಗೆ ಉರಿಯೂತವನ್ನು ಸದಾ ಜೀವಂತವಾಗಿಟ್ಟು ರಕ್ತನಾಳಗಳನ್ನು ಕೆಡಿಸುತ್ತದೆ. ಆರೋಪಿ ಮಾತ್ರೆಯೊಂದೇ ಆಗಿರಲಿಲ್ಲ.

ಭಾರತದ ಕತೆ ಸ್ವಲ್ಪ ಬೇರೆ. 2001ರಲ್ಲಿ ಸಿಪ್ಲಾದ ಯೂಸುಫ್ ಹಮೀದ್ ಮೂರು ಔಷಧಿಗಳನ್ನು ವರ್ಷಕ್ಕೆ 350 ಡಾಲರ್‌ಗೆ ಕೊಡುವುದಾಗಿ ಹೇಳಿ ಜಗತ್ತಿನ ಬೆಲೆಯನ್ನೇ ಮುರಿದರು. 2004ರ ಏಪ್ರಿಲ್‌ನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಆರಂಭವಾಯಿತು. ಆ ಅಗ್ಗದ ಜೋಡಣೆಯಲ್ಲಿ ಸ್ಟಾವುಡಿನ್ ಇತ್ತು. ಅದು ಟ್ರೈಗ್ಲಿಸರೈಡ್ ಏರಿಸುತ್ತಿತ್ತು, ಕೆನ್ನೆಯ ಕೊಬ್ಬನ್ನು ಕರಗಿಸುತ್ತಿತ್ತು. ಯಾರಿಗೂ ಹೇಳದೆ ಬಚ್ಚಿಟ್ಟ ಕಾಯಿಲೆಯನ್ನು ಗುಳಿಬಿದ್ದ ಕೆನ್ನೆ ನೆರೆಹೊರೆಗೆ ಸಾರುವುದಾದರೆ, ಆ ಮಾತ್ರೆಯನ್ನು ದಿನವೂ ನುಂಗುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕಿತ್ತು! ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಡಲು ಹೇಳಿದ್ದು 2009ರಲ್ಲಿ.

2023ರಲ್ಲಿ ರಿಪ್ರೀವ್ ಪ್ರಯೋಗದ ಫಲಿತಾಂಶ ಬಂತು. ಅದರಲ್ಲಿ ಭಾರತೀಯರೂ ಇದ್ದರು. 7,769 ಜನರಲ್ಲಿ ಪಿಟಾವಾಸ್ಟಾಟಿನ್ ಪಡೆದ ಗುಂಪಿಗೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಗಂಭೀರ ತೊಂದರೆಗಳು ಶೇ. 35ರಷ್ಟು ಕಡಿಮೆಯಾದವು. ಅವರಲ್ಲಿ ಹೆಚ್ಚಿನವರ ಕೊಲೆಸ್ಟರಾಲ್, ವೈದ್ಯರು ಸಾಮಾನ್ಯವಾಗಿ ಸ್ಟಾಟಿನ್ ಬರೆದುಕೊಡುವಷ್ಟು ಏರಿರಲೇ ಇಲ್ಲ.