ವಾಲಿದ ಅಕ್ಷರಕ್ಕೆ ವೇಗ ಬಂದ ಬಗೆ

ಓಟಗಾರರ ಅಂಗಿ, ಬೈಕಿನ ಟ್ಯಾಂಕು, ರೇಸ್ ಕಾರಿನ ಬಾಗಿಲು ಎಲ್ಲಿ ನೋಡಿದರೂ ಅದೇ ದಪ್ಪ ಅಕ್ಷರ, ಬಲಕ್ಕೆ ವಾಲಿ ಈಗಲೋ ಆಗಲೋ ಓಡಿಬಿಡುವಂತೆ ನಿಂತಿರುತ್ತದೆ. ಆದರೆ ಈ ವಾಲು ಹುಟ್ಟಿದಾಗ ಅದಕ್ಕೂ ವೇಗಕ್ಕೂ ನಂಟೇ ಇರಲಿಲ್ಲ.

1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನೂಷಿಯಸ್ ವರ್ಜಿಲ್ ಕವಿಯ ಕಾವ್ಯವನ್ನು ಕೈಯಲ್ಲಿ ಹಿಡಿದು ಓದುವಂಥ ಪುಟ್ಟ ಪುಸ್ತಕವಾಗಿ ಅಚ್ಚು ಹಾಕಿದ. ಅದರ ಓರೆ ಅಕ್ಷರಗಳನ್ನು ಕೊರೆದವನು ಫ್ರಾನ್ಸೆಸ್ಕೊ ಗ್ರಿಫೊ. ವಿದ್ವಾಂಸರ ಕೈಬರಹವೇ ಅವನಿಗೆ ಮಾದರಿ. ದೊಡ್ಡಕ್ಷರಗಳನ್ನು ಮಾತ್ರ ಅವನು ನೆಟ್ಟಗೇ ನಿಲ್ಲಿಸಿದ.

ವೇಗದ ಅರ್ಥ ಬಂದದ್ದರಲ್ಲಿ ಕ್ಯಾಮೆರಾದ ಪಾಲೂ ಇದೆ. 1910ರ ದಶಕದಲ್ಲಿ ಫ್ರಾನ್ಸಿನ ತರುಣ ಝಾಕ್ ಆನ್ರಿ ಲಾರ್ತೀಗ್ ರೇಸ್ ಕಾರೊಂದರ ಫೋಟೊ ತೆಗೆದ. ಆಗಿನ ಕ್ಯಾಮೆರಾದಲ್ಲಿ ಪರದೆಯ ಸೀಳೊಂದು ಗಾಜಿನ ಫಲಕದ ಮೇಲೆ ಸರಿಯುತ್ತ ಹೋಗುತ್ತಿತ್ತು. ಅದು ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಕಾರು ಮುಂದೆ ಹೋಗಿರುತ್ತಿತ್ತು. ಹಾಗಾಗಿ ದುಂಡನೆಯ ಚಕ್ರ ಚಿತ್ರದಲ್ಲಿ ಮುಂದಕ್ಕೆ ವಾಲಿದ ಮೊಟ್ಟೆಯಾಯಿತು. ಕಾರಿನ ಜೊತೆಗೆ ಕ್ಯಾಮೆರಾವನ್ನೂ ತಿರುಗಿಸಿದ್ದರಿಂದ ನೋಡುತ್ತ ನಿಂತ ಜನ ಹಿಂದಕ್ಕೆ ವಾಲಿದರು. ಯಂತ್ರದ ದೋಷವೇ ವೇಗದ ಚಹರೆಯಾದ ಸೊಗಸು ಇದು!

ಅಚ್ಚುಮೊಳೆಗೆ ಈ ಓಟ ಸುಲಭವಿರಲಿಲ್ಲ. ಸೀಸದ ಮೊಳೆ ಚೌಕನೆಯದು. ಓರೆ ಅಕ್ಷರದ ತುದಿ ಅದರಾಚೆ ಚಾಚಿಕೊಂಡರೆ ಪಕ್ಕದ ಮೊಳೆಗೆ ತಾಗಿ, ಯಂತ್ರದ ಒತ್ತಡಕ್ಕೆ ಪಟ್ಟನೆ ಮುರಿಯುತ್ತಿತ್ತು. ಹಾಗಿದ್ದೂ 1951ರಲ್ಲಿ ಮಾರ್ಸೇಯ ಒಲೀವ್ ಫೌಂಡ್ರಿಗೆ ರೋಜೆ ಎಕ್ಸ್‌ಕೊಫೊನ್ 'ಬಾಂಕೊ' ರೂಪಿಸಿದ. ತಗಡಿನ ಪಟ್ಟಿಗಳನ್ನು ಕತ್ತರಿಸಿ, ಬಾಗಿಸಿ ಇಟ್ಟಂಥ ಗಟ್ಟಿ ಅಕ್ಷರ. ಫ್ರಾನ್ಸಿನ ಅಂಗಡಿ ಬೋರ್ಡುಗಳನ್ನೇರಿದ ಅದು 1981ರಲ್ಲಿ ಅಮೆರಿಕದ ಸ್ಕೇಟ್‌ಬೋರ್ಡ್ ಪತ್ರಿಕೆ 'ಥ್ರ್ಯಾಷರ್'ನ ಹೆಸರಾಗಿ ಹೊಸ ಪೀಳಿಗೆಯ ಎದೆಯ ಮೇಲೆ ಬಂತು.

ಭವಿಷ್ಯದ ಗತ್ತು ಬಂದದ್ದು ಇಟಲಿಯಿಂದ. ಟ್ಯೂರಿನ್‌ನ ನೆಬಿಯೊಲೊ ಫೌಂಡ್ರಿಯಲ್ಲಿ ಆಲ್ಡೊ ನೊವಾರೆಸೆ 1962ರಲ್ಲಿ ಮುಗಿಸಿದ 'ಯೂರೊಸ್ಟೈಲ್'ನ ವೃತ್ತಗಳು ಹಳೆಯ ಟಿವಿ ಪರದೆಯಂತೆ ಮೂಲೆ ಸವೆದ ಚೌಕಗಳು. 1968ರ '2001: ಎ ಸ್ಪೇಸ್ ಒಡಿಸ್ಸಿ' ಸಿನಿಮಾದ ಗಗನನೌಕೆಯಲ್ಲೂ ಅದೇ ಅಕ್ಷರ. ಆ ಚೌಕ ಮೈಕಟ್ಟಿಗೆ ದಪ್ಪವನ್ನೂ ವಾಲನ್ನೂ ಕೂಡಿಸಿದ್ದೇ ಇಂದಿನ ಕ್ರೀಡಾ ಅಕ್ಷರ. ಸೀಸದ ಮೊಳೆಯ ಬದಲು ಬೆಳಕಿನಿಂದ ಅಕ್ಷರ ಮೂಡಿಸುವ ಫೋಟೊ ಜೋಡಣೆ ಬಂದ ಮೇಲೆ ಮೊಳೆ ಮುರಿಯುವ ಭಯವೂ ಹೋಯಿತು. ಮಸೂರವೇ ಅಕ್ಷರವನ್ನು ವಾಲಿಸತೊಡಗಿತು.

ಕಂಪ್ಯೂಟರಿನಲ್ಲಂತೂ ಒಂದು ಗುಂಡಿ ಒತ್ತಿದರೆ ಸಾಕು. ಕನ್ನಡಕ್ಕೆ ಮಾತ್ರ ಅಷ್ಟು ಸಾಲದು. 'ಕ್ರಿಕೆಟ್' ಎಂಬ ಪದವನ್ನೇ ಹಾಗೆ ವಾಲಿಸಿದರೆ ಮೇಲಿನ ಗುಡಿಸು ಬಲಕ್ಕೆ ಜಾರುತ್ತದೆ, ಕೆಳಗಿನ ಒತ್ತಕ್ಷರ ಎಡಕ್ಕೆ ಸರಿದು ಕಕಾರದ ಅಡಿಗೆ ನುಗ್ಗುತ್ತದೆ, ದುಂಡು ಭಾಗ ಒಂದೆಡೆ ಉಬ್ಬಿ ಇನ್ನೊಂದೆಡೆ ಸೊರಗುತ್ತದೆ. ಬಲ್ಲ ಕಲಾವಿದರು ಒತ್ತನ್ನು ಬಿಡಿಸಿ, ಕೂದಲೆಳೆಯಷ್ಟು ಬಲಕ್ಕೆ ಎಳೆದು, ಉಬ್ಬನ್ನು ಕೈಯಾರೆ ತಿದ್ದಿ ಕೂರಿಸುತ್ತಾರೆ.